ಮರವೋ, ಮೋಪೋ? ಗಾಳಿಮರವನ್ನು ನೆಡುವ ಮೊದಲು

ಜೂನ್ 5ರ ವಿಶ್ವ ಪರಿಸರ ದಿನದಂದು ಶಾಲೆಗಳಲ್ಲಿ ಸಸಿ ಹಂಚುವುದು ಈಗ ಎಲ್ಲೆಡೆ ರೂಢಿಯಾಗಿದೆ. ಮಕ್ಕಳ ಕೈಯಲ್ಲಿ ಮನೆ ಸೇರುವ ಆ ಸಸಿಗಳಲ್ಲಿ ಎಷ್ಟೋ ಸಸಿಗಳು ಮುಂದಿನ ಬೇಸಗೆಯನ್ನು ದಾಟುವುದಿಲ್ಲ. ದಾಟಿ ಬೆಳೆದವುಗಳಲ್ಲಿಯೂ ಕೆಲವು ಹತ್ತು ವರ್ಷಗಳ ಬಳಿಕ ಮನೆಯ ಮಾಡಿಗೆ, ವಿದ್ಯುತ್ ತಂತಿಗೆ ಅಥವಾ ನೆರೆಯವರ ಮನಸ್ಸಿಗೆ ತಗಲುವ ಮರಗಳಾಗುತ್ತವೆ. ಈ ಸಸಿ ಯಾತಕ್ಕೆ, ಎಷ್ಟು ವರ್ಷಕ್ಕೆ, ಯಾರ ನೆಲದಲ್ಲಿ ಎಂಬ ಮೂರು ಪ್ರಶ್ನೆಗಳನ್ನು ನೆಡುವ ದಿನವೇ ಕೇಳಿಕೊಂಡರೆ ಈ ಎರಡು ತೊಂದರೆಗಳಲ್ಲಿ ಹೆಚ್ಚಿನ ಪಾಲು ತಪ್ಪುತ್ತದೆ. ಬೇಗ ಬೆಳೆಯುವ ಮರಗಳ ವಿಷಯದಲ್ಲಂತೂ ಈ ಪ್ರಶ್ನೆಗಳನ್ನು ಮುಂದೂಡುವಂತಿಲ್ಲ. ಉತ್ತರ ಹೊಳೆಯುವಷ್ಟರಲ್ಲಿ ಮರ ತಲೆಯ ಮೇಲೆ ನಿಂತಿರುತ್ತದೆ.

ಕಾಸರಗೋಡಿನ ಕರಾವಳಿಯ ಕನ್ನಡಿಗರಿಗೆ ಅಂತಹ ಮರಗಳಲ್ಲಿ ಅತ್ಯಂತ ಪರಿಚಿತವಾದುದು ಗಾಳಿಮರ. ಮೈಸೂರು ಸೀಮೆಯವರು ಇದನ್ನು ಸರ್ವೆ ಮರವೆನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾಸುರಿನಾ ಈಕ್ವಿಸೆಟಿಫೋಲಿಯಾ. ಇಳಿಬಿದ್ದ ಇದರ ರೆಂಬೆಗಳು ಕ್ಯಾಸೊವರಿ ಎಂಬ ಹಕ್ಕಿಯ ಗರಿಗಳನ್ನು ಹೋಲುವುದರಿಂದ ಆ ಹೆಸರು ಬಂದಿದೆ. ಸೂಜಿಯಂತೆ ಕಾಣುವ ಹಸಿರು ಎಳೆಗಳನ್ನು ಎಲ್ಲರೂ ಎಲೆಗಳೆಂದೇ ಭಾವಿಸುವುದುಂಟು. ವಾಸ್ತವದಲ್ಲಿ ಅವು ಸಣ್ಣ ರೆಂಬೆಗಳು. ನಿಜವಾದ ಎಲೆಗಳು ಆ ಎಳೆಗಳ ಗೆಣ್ಣುಗಳಲ್ಲಿ ಸುತ್ತಲೂ ಅಂಟಿಕೊಂಡಿರುವ, ಬರಿಗಣ್ಣಿಗೆ ಕಷ್ಟದಿಂದ ಕಾಣುವ ಹುರುಪೆಗಳು. ಒಂದು ಎಳೆಯನ್ನು ಗೆಣ್ಣಿನಲ್ಲಿ ಮೆಲ್ಲನೆ ಕಿತ್ತು ಭೂತಕನ್ನಡಿಯ ಕೆಳಗೆ ಇಟ್ಟರೆ ಮಕ್ಕಳೇ ಇದನ್ನು ಕಂಡುಕೊಳ್ಳಬಹುದು. ಎಲೆಯನ್ನು ಇಷ್ಟು ಕಿರಿದಾಗಿಸಿಕೊಂಡುದರಿಂದಲೇ ಉಪ್ಪುಗಾಳಿಯನ್ನೂ ಸುಡು ಹೊಯಿಗೆಯನ್ನೂ ಈ ಮರ ತಾಳಿಕೊಳ್ಳಬಲ್ಲದು.

ಭಾರತದಲ್ಲಿ ಅಂಡಮಾನ್ ದ್ವೀಪಗಳ ಕಡಲತೀರ ಇದರ ಸಹಜ ನೆಲೆ. ಪಶ್ಚಿಮ ಕರಾವಳಿಗೆ ಅದು ಬಂದುದು ಮನುಷ್ಯರ ಅಗತ್ಯದಿಂದ. 1868ರಲ್ಲಿ ಕಾರವಾರದ ಮರಳುನೆಲದಲ್ಲಿ ಇದನ್ನು ನೆಟ್ಟುದು ಉಗಿಬಂಡಿಗಳಿಗೆ ಸೌದೆ ಒದಗಿಸುವುದಕ್ಕಾಗಿ. ಹಸಿಯಾಗಿದ್ದಾಗಲೂ ಉರಿಯುವ, ಒಳ್ಳೆಯ ಇದ್ದಿಲು ಕೊಡುವ ಸೌದೆ ಇದು. ರೈಲಿನ ಹೊಟ್ಟೆಗೆ ಕಲ್ಲಿದ್ದಲು, ಆಮೇಲೆ ಡೀಸೆಲ್ ಬಂದವು. ಗಾಳಿಮರವಾದರೋ ಕಂಬ, ಊರುಗೋಲು, ಚಪ್ಪರದ ಗೂಟ, ಸಾರುವೆಯ ಮರ, ಕಾಗದದ ತಿರುಳು ಎಂಬ ಹೊಸ ಕೆಲಸಗಳನ್ನು ಹಿಡಿದು ಉಳಿದುಕೊಂಡಿತು.

ಇದರ ಬೆಳವಣಿಗೆ ಅಚ್ಚರಿ ಹುಟ್ಟಿಸುವಂತಹುದು. ನೆಲ ಒಗ್ಗಿದರೆ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಎರಡು ಮೀಟರ್, ಕೆಲವೊಮ್ಮೆ ಅದಕ್ಕೂ ಮಿಕ್ಕಿ ಏರುತ್ತದೆ. ಮೂರನೆಯ ತರಗತಿಯ ಮಗು ನೆಟ್ಟ ಸಸಿ ಆ ಮಗು ಹತ್ತನೆಯ ತರಗತಿಯ ಪರೀಕ್ಷೆ ಬರೆಯುವಾಗ ಮಾರಾಟಕ್ಕೆ ತಕ್ಕ ಕಂಬವಾಗಿರುತ್ತದೆ. ಮಗುವಿನ ಮುಂದಿನ ಓದಿನ ಖರ್ಚಿಗೆಂದು ಐದೋ ಹತ್ತೋ ಸೆಂಟ್ಸ್ ಜಾಗದಲ್ಲಿ ಇದನ್ನು ನೆಡುವ ಕುಟುಂಬಗಳ ಲೆಕ್ಕಾಚಾರಕ್ಕೆ ಆಧಾರ ಇದೇ. ಆದರೆ ಆ ಲೆಕ್ಕ ಕೈಗೂಡುವುದು ಆರೈಕೆ ಸರಿಯಿದ್ದರೆ ಮತ್ತು ಕಾಗದಪತ್ರ ಸರಿಯಿದ್ದರೆ. ಇವೆರಡರಲ್ಲಿ ಒಂದು ತಪ್ಪಿದರೂ ಏಳು ವರ್ಷಗಳ ಕಾಯುವಿಕೆ ಬಯಲಾಗುತ್ತದೆ.

ಮೊದಲು ನೆಲದ ವಿಚಾರ. ಹೊಯಿಗೆ ಮಿಶ್ರಿತವಾದ, ಆಳವಾದ, ನೀರು ಬಸಿದುಹೋಗುವ ಮಣ್ಣು ಗಾಳಿಮರಕ್ಕೆ ಹಿತ. ಬುಡದಲ್ಲಿ ನೀರು ನಿಂತರೆ ಅದು ಸೊರಗುತ್ತದೆ. ಆದುದರಿಂದ ಗದ್ದೆಯ ತಗ್ಗು ಇದಕ್ಕೆ ಸಲ್ಲದು. ಮುರಕಲ್ಲಿನ ಗುಡ್ಡದಲ್ಲಿ ಮೇಲ್ಮಣ್ಣು ತೆಳುವಾಗಿದ್ದರೆ ಬೇರು ಕಲ್ಲಿಗೆ ತಗಲಿ ಮರ ಕುಳ್ಳಾಗಿಯೇ ಉಳಿಯುತ್ತದೆ. ಅಂತಹ ಕಡೆ ನೆಡಲೇಬೇಕೆಂದಿದ್ದರೆ ಎರಡಡಿಯ ಹೊಂಡ ತೆಗೆದು, ಕೆಳಗಿನ ಕಲ್ಲನ್ನು ಒಡೆದು, ಮೇಲ್ಮಣ್ಣನ್ನೂ ಹಟ್ಟಿಗೊಬ್ಬರವನ್ನೂ ತುಂಬಬೇಕು. ಹೊಯಿಗೆಯ ನೆಲದಲ್ಲಿ ಒಂದೂವರೆ ಅಡಿಯ ಹೊಂಡ ಸಾಕು.

ಸಸಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಬಲಿತು ಕಂದುಬಣ್ಣಕ್ಕೆ ತಿರುಗುತ್ತಿರುವ, ಇನ್ನೂ ಬಾಯ್ದೆರೆಯದ ಕಾಯಿಗಳನ್ನು ಕೊಯ್ದು, ತೆಳುಬಟ್ಟೆ ಮುಚ್ಚಿ ಎರಡು ಮೂರು ದಿನ ಬಿಸಿಲಿಗೆ ಹಾಕಿದರೆ ರೆಕ್ಕೆಯುಳ್ಳ ಸಣ್ಣ ಬೀಜಗಳು ಉದುರುತ್ತವೆ. ಬಟ್ಟೆ ಮುಚ್ಚದಿದ್ದರೆ ಗಾಳಿ ಅವುಗಳನ್ನು ಹೊತ್ತೊಯ್ಯುತ್ತದೆ. ಪಾತಿಯಲ್ಲಿ ಬಿತ್ತಿದ ಬಳಿಕ ಇರುವೆಗಳ ಮೇಲೆ ಕಣ್ಣಿರಬೇಕು. ಗಾಳಿಮರದ ಬೀಜವೆಂದರೆ ಇರುವೆಗಳಿಗೆ ಬಲು ಪ್ರೀತಿ, ಒಂದು ರಾತ್ರಿಯಲ್ಲಿ ಪಾತಿಯನ್ನೇ ಬರಿದುಮಾಡಬಲ್ಲವು. ಒಂದೆರಡು ವಾರಗಳಲ್ಲಿ ಮೊಳಕೆಯೊಡೆದು, ನಾಲ್ಕು ಅಂಗುಲದಷ್ಟಾದ ಸಸಿಗಳನ್ನು ಚೀಲಗಳಿಗೆ ವರ್ಗಾಯಿಸಬೇಕು. ಆ ಚೀಲದ ಮಣ್ಣಿಗೆ ಹಳೆಯ ಗಾಳಿಮರದ ಬುಡದ ಮಣ್ಣನ್ನು ಒಂದಿಷ್ಟು ಬೆರೆಸುವುದು ಬಲ್ಲವರ ಕ್ರಮ. ಇದಕ್ಕೆ ವಿಜ್ಞಾನದ ಸಮರ್ಥನೆಯುಂಟು. ಗಾಳಿಮರದ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ನೆಲೆಸಿ ಗಾಳಿಯ ಸಾರಜನಕವನ್ನು ಮರಕ್ಕೆ ಒದಗುವಂತೆ ಮಾಡುತ್ತದೆ. ಅಲಸಂದೆ, ಹೆಸರುಗಳ ಬೇರಿನಲ್ಲಿ ರೈಜೋಬಿಯಂ ಮಾಡುವ ಕೆಲಸವನ್ನು ಇಲ್ಲಿ ಬೇರೊಂದು ಜೀವಿ ಮಾಡುತ್ತದೆ. ಹಳೆಯ ಮರದ ಬುಡದ ಮಣ್ಣು ಹೊಸ ಸಸಿಗೆ ಈ ಜೀವಿಯನ್ನು ತಲುಪಿಸುತ್ತದೆ. ಬೀಜದ ಸಸಿಗಳ ಬದಲು ಆಯ್ದ ಮರಗಳ ತುಂಡಿನಿಂದ ಬೇರುಬರಿಸಿದ ಸಸಿಗಳೂ ಇವೆ. ಕೊಯಂಬತ್ತೂರಿನ ಅರಣ್ಯ ತಳಿವಿಜ್ಞಾನ ಮತ್ತು ವೃಕ್ಷ ತಳಿವರ್ಧನ ಸಂಸ್ಥೆ ಅಂತಹ ತಳಿಗಳನ್ನು ಆಯ್ದು ಬಿಡುಗಡೆ ಮಾಡಿದೆ. ಇವು ನೇರವಾಗಿ, ಒಂದೇ ಸಮನಾಗಿ ಬೆಳೆಯುತ್ತವೆ.

ನೆಡುವುದಕ್ಕೆ ತಕ್ಕ ಕಾಲ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲಿನ ಮೊದಲ ವಾರಗಳು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆ ಸುರಿಯುತ್ತದಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿದುಹೋಗುತ್ತದೆ. ಆಟಿಯ ಮಳೆ ಸುರಿಯುವಷ್ಟರಲ್ಲಿ ಬೇರು ನೆಲ ಹಿಡಿದಿರಬೇಕು. ಮಳೆಗಾಲದಲ್ಲಿ ಸಸಿಯನ್ನು ಯಾರು ಬೇಕಾದರೂ ಬದುಕಿಸಬಲ್ಲರು; ಪರೀಕ್ಷೆ ಇರುವುದು ಜನವರಿಯಿಂದ ಮೇ ತನಕ. ಮೊದಲ ಎರಡು ಬೇಸಗೆಗಳಲ್ಲಿ ಮೂರು ನಾಲ್ಕು ದಿನಗಳಿಗೊಮ್ಮೆ ಬುಡ ನೆನೆಯುವಂತೆ ನೀರು, ಬುಡದ ಸುತ್ತ ಅಡಿಕೆ ಸೋಗೆಯ ಅಥವಾ ತರಗೆಲೆಯ ಹೊದಿಕೆ, ಆಡು ದನಗಳಿಂದ ಬೇಲಿ ಇಷ್ಟನ್ನು ಒದಗಿಸಿದರೆ ಮೂರನೆಯ ವರ್ಷದಿಂದ ಮರ ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಎಷ್ಟು ದೂರದಲ್ಲಿ ನೆಡಬೇಕೆಂಬುದು ಇಡಿಯ ಬೇಸಾಯದ ಮುಖ್ಯ ಪ್ರಶ್ನೆ, ಏಕೆಂದರೆ ಯಾತಕ್ಕಾಗಿ ನೆಡುತ್ತೇವೆಂಬುದರ ಉತ್ತರ ಅಲ್ಲಿ ಅಡಗಿದೆ. ಸಪೂರ ಕಂಬ ಸಾಕೆನ್ನುವವರು ಒಂದು ಮೀಟರಿಗೊಂದರಂತೆ ಒತ್ತಾಗಿ ನೆಡುತ್ತಾರೆ. ಸಾಮಾನ್ಯವಾಗಿ ಎರಡು ಮೀಟರ್ ಚದರದ ಅಂತರ ಒಳ್ಳೆಯದು. ಒಂದು ಸೆಂಟ್ಸ್ ಎಂದರೆ ಸುಮಾರು 40.5 ಚದರ ಮೀಟರ್. ಒಂದು ಮರಕ್ಕೆ ನಾಲ್ಕು ಚದರ ಮೀಟರಿನಂತೆ ಹತ್ತು ಸೆಂಟ್ಸಿನಲ್ಲಿ ನೂರು ಮರ, ಒಂದು ಎಕರೆಯಲ್ಲಿ ಸಾವಿರ ಮರ. ಐದನೆಯ ತರಗತಿಯ ಮಗು ಬಾಯಿಲೆಕ್ಕದಲ್ಲಿ ಮಾಡಬಲ್ಲ ಗಣಿತವಿದು. ದಪ್ಪನೆಯ ಮರ ಬೇಕೆನ್ನುವವರು ನಾಲ್ಕನೆಯ ವರ್ಷದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲನ್ನು ಕಂಬಕ್ಕೆ ಕಡಿದು, ಉಳಿದವಕ್ಕೆ ಬೆಳಕು ಬಿಡಬೇಕು. ಮೊದಲ ಎರಡು ಮೂರು ವರ್ಷಗಳಲ್ಲಿ ಕೆಳಗಿನ ಕೊಂಬೆಗಳನ್ನು ಹರಿತವಾದ ಕತ್ತಿಯಿಂದ ಕಾಂಡಕ್ಕೆ ಸಮನಾಗಿ ತೆಗೆಯುತ್ತ, ಎರಡು ಮೀಟರಿನವರೆಗೆ ಬೋಳಾಗಿಸಬೇಕು. ಕವಲೊಡೆದ ತುದಿಗಳಲ್ಲಿ ಒಂದನ್ನು ಉಳಿಸಬೇಕು. ತುದಿ ಕಡಿಯುವ ಅಭ್ಯಾಸ ಮಾತ್ರ ಬೇಡ. ಕೊಂಬೆಗಳನ್ನು ಒರಟಾಗಿ ಸೀಳಿ ಕಿತ್ತರೆ ಗಾಯದ ಮೂಲಕ ರೋಗ ಒಳಹೊಗುವ ಸಾಧ್ಯತೆಯುಂಟು. ತೊಗಟೆಯಲ್ಲಿ ಗುಳ್ಳೆಯೆದ್ದು, ಅದು ಒಡೆದಾಗ ಕಪ್ಪು ಹುಡಿ ಕಂಡರೆ ಅದು ಶಿಲೀಂಧ್ರದಿಂದ ಬರುವ ಗುಳ್ಳೆರೋಗ. ಅಂತಹ ಮರವನ್ನು ಉಳಿಸಿಕೊಳ್ಳುವ ಆಸೆಯನ್ನು ಬಿಟ್ಟು, ಕಡಿದು ಸುಟ್ಟು, ನೆರೆಯ ಮರಗಳನ್ನು ಕಾಪಾಡಬೇಕು.

ಕಂಬಕ್ಕಾಗಿ ಅಲ್ಲದೆ ಕಾವಲಿಗಾಗಿಯೂ ಗಾಳಿಮರವನ್ನು ನೆಡುವುದುಂಟು. ಅಡಿಕೆ ತೋಟಕ್ಕೆ ತೆಂಕು ಮತ್ತು ಪಡುವಣದಿಂದ ಬೀಳುವ ಇಳಿಬಿಸಿಲು ಮರದ ಕಾಂಡವನ್ನು ಸುಟ್ಟು ಸೀಳಿಸುತ್ತದೆ. ಆ ಎರಡು ದಿಕ್ಕುಗಳಲ್ಲಿ ವರ್ಷವಿಡೀ ಹಸಿರಾಗಿರುವ ಮರಗಳ ಸಾಲಿದ್ದರೆ ಬಿಸಿಲಿಗೂ ಗಾಳಿಗೂ ತಡೆ. ಗಾಳಿಮರದ ಸಡಿಲವಾದ ಹಂದರ ಗಾಳಿಯನ್ನು ಪೂರ್ತಿ ತಡೆಯದೆ ಸೋಸಿ ಬಿಡುತ್ತದೆ. ಗೋಡೆಯಂತೆ ತಡೆದರೆ ಗಾಳಿ ಮೇಲಿನಿಂದ ಸುಳಿಯಾಗಿ ತೋಟದ ಮೇಲೆ ಬೀಳುತ್ತದೆ. ಆದರೆ ಇದರ ಬೇರು ದೂರ ಹರಡುವಂತಹುದು. ತೋಟದ ಕೊನೆಯ ಅಡಿಕೆ ಸಾಲಿನಿಂದ ಹದಿನೈದು ಅಡಿಯಾದರೂ ಬಿಟ್ಟು, ನಡುವೆ ಒಂದು ಅಗಳು ತೋಡಿದರೆ ನೀರು ಗೊಬ್ಬರಗಳ ಜಗಳ ತಪ್ಪುತ್ತದೆ. ಹೀಗೆ ಕಾವಲಿಗೆ ನೆಟ್ಟ ಮರವನ್ನು ಏಳನೆಯ ವರ್ಷಕ್ಕೆ ಕಡಿಯುವ ಮಾತಿಲ್ಲ. ಅದು ಮೂವತ್ತು ವರ್ಷ ನಿಲ್ಲಬೇಕಾದ ಮರ. ಕಂಬದ ತೋಪು ಮತ್ತು ಕಾವಲಿನ ಸಾಲು ಎರಡೂ ಗಾಳಿಮರವೇ ಆದರೂ ಅಂತರ, ಸವರುವಿಕೆ, ಆಯುಸ್ಸು ಎಲ್ಲವೂ ಬೇರೆ.

ಈ ವ್ಯತ್ಯಾಸವನ್ನು ಕಾನೂನು ಕೂಡ ಗುರುತಿಸಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 3ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿ ಎಂಬುದರಲ್ಲಿ ‘ನಿಂತಿರುವ ಮೋಪು’ ಸೇರುವುದಿಲ್ಲ. 1908ರ ನೋಂದಣಿ ಕಾಯಿದೆ ಅದನ್ನು ಚರಾಸ್ತಿಯೆಂದೇ ಎಣಿಸುತ್ತದೆ. ಆದರೆ ನೆಲದಲ್ಲಿ ಬೇರೂರಿದ ಮರ ಸ್ಥಿರಾಸ್ತಿ. ಹಾಗಾದರೆ ಕಣ್ಣಮುಂದೆ ನಿಂತಿರುವುದು ಮರವೋ, ಮೋಪೋ?

ಸುಪ್ರೀಂ ಕೋರ್ಟು 1958ರಲ್ಲಿ ತೀರ್ಮಾನಿಸಿದ ಶಾಂತಾಬಾಯಿ ವಿರುದ್ಧ ಮುಂಬಯಿ ರಾಜ್ಯ ಎಂಬ ಮೊಕದ್ದಮೆಯಲ್ಲಿ ಈ ಪ್ರಶ್ನೆ ಬಂದಿತ್ತು. ಜಮೀನುದಾರರೊಬ್ಬರು 1948ರಲ್ಲಿ ತಮ್ಮ ಪತ್ನಿಗೆ 26,000 ರೂಪಾಯಿಗೆ, ಹನ್ನೆರಡು ವರ್ಷಗಳಿಗೂ ಮಿಕ್ಕ ಕಾಲ ಕಾಡಿನಿಂದ ಬಿದಿರು, ಸೌದೆ, ತೇಗಗಳನ್ನು ಕಡಿದೊಯ್ಯುವ ಹಕ್ಕನ್ನು ಬರೆದುಕೊಟ್ಟಿದ್ದರು. ಪತ್ರ ನೋಂದಣಿಯಾಗಿರಲಿಲ್ಲ. ಜಮೀನುದಾರಿ ರದ್ದಾಗಿ ಕಾಡು ಸರಕಾರದ ವಶವಾದಾಗ ಆಕೆ ತಮ್ಮ ಹಕ್ಕಿಗಾಗಿ ನ್ಯಾಯಾಲಯದ ಮೊರೆಹೊಕ್ಕರು; ಗೆಲ್ಲಲಿಲ್ಲ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಮರಕ್ಕೂ ಮೋಪಿಗೂ ಇರುವ ಭೇದವನ್ನು ಬಿಡಿಸಿಟ್ಟರು. ಅವರ ವಿವರಣೆಯ ಸಾರವಿಷ್ಟು: ಸದ್ಯದಲ್ಲಿಯೇ ಕಡಿಯಬೇಕೆಂಬ ಉದ್ದೇಶದಿಂದ ಮಾರಿದ, ಕಡಿಯಲು ತಕ್ಕ ಮರ ನಿಂತಿರುವ ಮೋಪು, ಅಂದರೆ ಚರವಸ್ತು. ನೆಲದ ಸಾರವನ್ನು ಹೀರುತ್ತ ಇನ್ನೂ ವರ್ಷಗಟ್ಟಲೆ ಬೆಳೆಯಬೇಕಾದ, ಅಥವಾ ಹಣ್ಣು ನೆರಳುಗಳಿಗಾಗಿ ನಿಲ್ಲಬೇಕಾದ ಮರ ಸ್ಥಿರಾಸ್ತಿ. ಒಂದೇ ಮರ, ಅದು ಯಾವುದೆಂದು ತೀರ್ಮಾನಿಸುವುದು ಮನುಷ್ಯನ ಉದ್ದೇಶ.

ಹತ್ತು ಸೆಂಟ್ಸಿನ ಕುಟುಂಬಕ್ಕೂ ಇದರಿಂದ ಪಾಠವುಂಟು. ಬಲಿತ ನೂರು ಕಂಬಗಳನ್ನು ಒಂದು ತಿಂಗಳೊಳಗೆ ಕಡಿದೊಯ್ಯುವಂತೆ ವ್ಯಾಪಾರಿಗೆ ಕೊಟ್ಟರೆ ಅದು ಮೋಪಿನ ಮಾರಾಟ, ನೋಂದಣಿ ಬೇಕಿಲ್ಲ. ಆದರೆ ಮೂರು ವರ್ಷದ ಎಳೆ ತೋಪನ್ನು ಮುಂಗಡ ಪಡೆದು, ‘ಬೆಳೆದಾಗ ಕಡಿದುಕೊಳ್ಳಿ’ ಎಂದು ಬಿಟ್ಟುಕೊಟ್ಟರೆ ಮಾತು ಬೇರೆ. ಅಲ್ಲಿ ಕೊಟ್ಟಿರುವುದು ನೆಲದ ಸಾರದಲ್ಲಿ ಪಾಲು. ನೂರು ರೂಪಾಯಿ ಅಥವಾ ಅದಕ್ಕೆ ಮೀರಿದ ಮೌಲ್ಯದ ಅಂತಹ ಹಕ್ಕು ನೋಂದಣಿಯಾದ ಪತ್ರದಿಂದಲೇ ವರ್ಗಾವಣೆಯಾಗಬೇಕು. ಬೆಲೆ ಏರಿದರೆ ಕೊಟ್ಟವರಿಗೆ ನಷ್ಟ, ಇಳಿದರೆ ಕೊಂಡವರು ಇತ್ತ ಸುಳಿಯುವುದಿಲ್ಲ. ಕೈಬರಹದ ಚೀಟಿ ಎರಡು ಸಂದರ್ಭಗಳಲ್ಲೂ ದುರ್ಬಲ. ಎಳೆಯ ತೋಪಿನ ಮೇಲೆ ಮುಂಗಡ ಪಡೆಯದಿರುವುದೇ ಲೇಸು.

ಬಲಿತ ಮರಗಳ ಮಾರಾಟಕ್ಕೂ ಒಂದು ಪುಟದ ಬರಹ ಇರಲಿ. ಮರಗಳ ಸಂಖ್ಯೆ, ಒಟ್ಟು ಬೆಲೆ, ಮುಂಗಡ, ಬಾಕಿ ಯಾವಾಗ, ಯಾವ ದಿನದೊಳಗೆ ಕಡಿದು ಸಾಗಿಸಬೇಕು, ರೆಂಬೆ ಸೌದೆ ಯಾರಿಗೆ, ಕಡಿಯುವಾಗ ತಂತಿಗೋ ನೆರೆಯವರ ಬೆಳೆಗೋ ಹಾನಿಯಾದರೆ ಹೊಣೆ ಯಾರದು ಎಂಬಿಷ್ಟು ಅದರಲ್ಲಿ ಬರಬೇಕು. ಆ ಬರಹ ಕನ್ನಡದಲ್ಲಿದ್ದರೆ ಅದರ ಸಿಂಧುತ್ವಕ್ಕೆ ಯಾವ ಊನವೂ ಇಲ್ಲ. ಕರಾರು ಕಾಯಿದೆ ಇಂತಹದೇ ಭಾಷೆಯಲ್ಲಿ ಬರೆಯಬೇಕೆಂದು ವಿಧಿಸಿಲ್ಲ. ಓದಲು ಬಾರದ ಲಿಪಿಯ ಕಾಗದಕ್ಕೆ ಸಹಿ ಹಾಕುವುದಕ್ಕಿಂತ, ಮನೆಯ ಮಗು ಗಟ್ಟಿಯಾಗಿ ಓದಿ ಹೇಳಬಲ್ಲ ಕಾಗದಕ್ಕೆ ಸಹಿ ಹಾಕುವುದು ಮೇಲು.

ಇನ್ನು ಯಾರ ನೆಲದಲ್ಲಿ ಎಂಬ ಪ್ರಶ್ನೆ. ಕೇರಳದಲ್ಲಿ ಅರಣ್ಯೇತರ ಪ್ರದೇಶಗಳಲ್ಲಿ ಮರ ಬೆಳೆಸುವುದನ್ನು ಉತ್ತೇಜಿಸುವ 2005ರ ಕಾಯಿದೆ, ಸ್ವಂತ ಭೂಮಿಯ ಮರವನ್ನು ಕಡಿದು ಸಾಗಿಸುವ ಹಕ್ಕನ್ನು ಒಡೆಯನಿಗೆ ಕೊಡುತ್ತದೆ. ಶ್ರೀಗಂಧ, ತೇಗ, ಬೀಟೆಯಂತಹ ಕೆಲವು ಮರಗಳಿಗೆ ಪ್ರತ್ಯೇಕ ನಿಯಮಗಳುಂಟು. ಗಾಳಿಮರ ಆ ಪಟ್ಟಿಯಲ್ಲಿಲ್ಲ. ಆದರೆ ಸ್ವಂತ ಭೂಮಿ ಎಂಬ ಮಾತನ್ನು ತೂಗಿನೋಡಬೇಕು. ಸರಕಾರ ಹಂಚಿಕೊಟ್ಟ ಪಟ್ಟೆಯ ಭೂಮಿಯಾದರೆ ಅದರ ಷರತ್ತುಗಳನ್ನು ಓದಬೇಕು. ಕಡಲಿನತ್ತ ಇರುವ ಹೊಯಿಗೆಯ ತುಂಡು ಪೊರಂಬೋಕಾಗಿದ್ದರೆ, ನೆಟ್ಟು ನೀರೆರೆದ ಮಾತ್ರಕ್ಕೆ ಅಲ್ಲಿನ ಮರ ನೆಟ್ಟವನದಾಗುವುದಿಲ್ಲ. ಪಾಲಾಗದ ಹಿರಿಯರ ಜಾಗದಲ್ಲಿ ಒಬ್ಬ ಸಹೋದರ ನೆಡುವುದಾದರೆ, ಉಳಿದವರ ಒಪ್ಪಿಗೆಯನ್ನು ಸಸಿ ಮೊಣಕಾಲೆತ್ತರ ಇರುವಾಗಲೇ ಬರೆದಿಡಬೇಕು. ಮರಕ್ಕೆ ಬೆಲೆ ಬಂದ ಮೇಲೆ ಒಪ್ಪಿಗೆಗೂ ಬೆಲೆ ಬರುತ್ತದೆ.

ಗಡಿಯ ವಿಚಾರದಲ್ಲಿ ಹತ್ತಡಿ ಒಳಗೆ ಸರಿದು ನೆಡುವುದು ವಿವೇಕ. ಗಡಿ ದಾಟಿ ಬಂದ ಕೊಂಬೆಯನ್ನು ತನ್ನ ಗಡಿಯ ತನಕ ಕಡಿಯುವ ಅವಕಾಶ ನೆರೆಯವನಿಗುಂಟು. ಆ ನೆಪದಲ್ಲಿ ಒಳಗೆ ಬಂದು ಬುಡಕ್ಕೆ ಕತ್ತಿಯಿಡುವ ಹಕ್ಕಿಲ್ಲ. ಮರ ಬಿದ್ದು ಜೀವಕ್ಕೋ ಮನೆಗೋ ಅಪಾಯವಾಗುವಂತಿದ್ದರೆ ಪಂಚಾಯತಿಗೆ ದೂರು ಕೊಡಬಹುದು; ಮರದ ಒಡೆಯನಿಗೆ ನೋಟೀಸು ಕೊಟ್ಟು ಅಪಾಯ ನಿವಾರಿಸುವ ಅಧಿಕಾರ ಪಂಚಾಯತಿಗಿದೆ. ಗಾಳಿಮರ ಎತ್ತರಕ್ಕೆ ಏರುವ ಮರ. ಅದು ಬಿದ್ದರೆ ಎಲ್ಲಿಯ ತನಕ ಚಾಚೀತು ಎಂದು ನೆಡುವಾಗಲೇ ಹೆಜ್ಜೆಯಳತೆ ಹಾಕಿದರೆ ದೂರಿಗೆ ಅವಕಾಶವೇ ಇರುವುದಿಲ್ಲ. ವಿದ್ಯುತ್ ತಂತಿಯ ಅಡಿಯಲ್ಲಂತೂ ನೆಡಲೇಬಾರದು.

ಇಷ್ಟೆಲ್ಲ ಗುಣಗಳಿದ್ದರೂ ಗಾಳಿಮರ ಎಲ್ಲ ಕೆಲಸಕ್ಕೂ ಒದಗುವ ಮರವಲ್ಲ. ಇದರ ಮೋಪು ಭಾರ ಮತ್ತು ಗಟ್ಟಿ. ಒಣಗುವಾಗ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಆದುದರಿಂದ ಹಲಗೆ, ಬಾಗಿಲು, ಪೀಠೋಪಕರಣಗಳಿಗೆ ಹಲಸು, ತೇಗಗಳನ್ನು ಇದು ಸರಿಗಟ್ಟದು. ಉದುರಿದ ಎಳೆಗಳು ನೆಲದ ಮೇಲೆ ದಪ್ಪನೆಯ ಹಾಸಾಗಿ ಕುಳಿತು ಬೇರೆ ಗಿಡಗಳನ್ನು ಏಳಗೊಡುವುದಿಲ್ಲ, ಬೇಸಗೆಯಲ್ಲಿ ಬೆಂಕಿಗೂ ಬೇಗ ತುತ್ತಾಗುತ್ತವೆ. ಇಡಿಯ ಗುಡ್ಡವನ್ನು ಇದೊಂದರಿಂದಲೇ ತುಂಬುವುದಕ್ಕಿಂತ ಒಂದು ಮೂಲೆಯಲ್ಲಿ ಗಾಳಿಮರ, ಉಳಿದೆಡೆ ಹಲಸು, ಮಾವು, ಹೆಬ್ಬಲಸು ಎಂದು ಹಂಚಿಕೊಂಡರೆ ಏಳು ವರ್ಷದ ಆದಾಯವೂ ಎಪ್ಪತ್ತು ವರ್ಷದ ನೆರಳೂ ಒಂದೇ ಜಾಗದಲ್ಲಿ ದೊರೆಯುತ್ತವೆ.

ಈ ಬಾರಿ ಶಾಲೆಯಿಂದ ಸಸಿ ಬಂದರೆ, ಅದರೊಂದಿಗೆ ಎರಡು ರೂಲಿನ ಒಂದು ನೋಟುಪುಸ್ತಕವನ್ನೂ ಮಗುವಿಗೆ ಕೊಡುವುದು ಒಳ್ಳೆಯದು. ಮೊದಲ ಪುಟದಲ್ಲಿ ನೆಟ್ಟ ತಾರೀಕು, ಎಷ್ಟು ಸಸಿ, ಯಾವ ಗಡಿಯಿಂದ ಎಷ್ಟು ಅಡಿ, ಕಡಿಯಲೋ ಕಾವಲಿಗೋ ಎಂಬುದನ್ನು ಬರೆಯಲಿ. ಪ್ರತಿ ವರ್ಷ ಅದೇ ತಾರೀಕಿನಂದು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು ಬರೆಯಲಿ. ಸುತ್ತಳತೆಯನ್ನು 22/7ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆಂದು ಏಳನೆಯ ವರ್ಷದೊಳಗೆ ಅದು ಶಾಲೆಯಲ್ಲಿ ಕಲಿತಿರುತ್ತದೆ. ವ್ಯಾಪಾರಿ ಬಂದು ಕಣ್ಣಳತೆಯಲ್ಲಿ ಬೆಲೆ ಹೇಳುವಾಗ ಮನೆಯವರ ಕೈಯಲ್ಲಿ ಏಳು ವರ್ಷಗಳ ಅಳತೆ ಇರುತ್ತದೆ. ನೆಟ್ಟವರು ಯಾರು, ಯಾವಾಗ ಎಂಬ ತಕರಾರು ಎಂದಾದರೂ ಎದ್ದರೆ, ಅಂದಂದೇ ಬರೆದಿಟ್ಟ ಆ ಪುಟಗಳು ಬಾಯಿಮಾತಿಗಿಂತ ಹೆಚ್ಚು ತೂಗುತ್ತವೆ. ಗಣಿತ, ವಿಜ್ಞಾನ, ಕಾನೂನು ಮೂರೂ ಸೇರುವ ಆ ಪುಸ್ತಕವನ್ನು ಮಗು ತನ್ನ ಕನ್ನಡದಲ್ಲಿಯೇ ಬರೆಯಲಿ.